ಬೆದರುವ ಕುದುರೆಯ ಬೆನ್ನ ಮೇಲೆ

ಹೋಗುವಾಗ ಏನೂ ಆಗಿರಲಿಲ್ಲ. ಬೇಲಿಗೆ ಸಿಕ್ಕಿಕೊಂಡಿದ್ದ ನೀಲಿ ಪ್ಲಾಸ್ಟಿಕ್ ಹಾಳೆಯತ್ತ ಕುದುರೆ ಒಂದು ಕಿವಿ ತಿರುಗಿಸಿ ಮುಂದೆ ನಡೆದಿತ್ತು. ಅರ್ಧ ಗಂಟೆ ಬಿಟ್ಟು ಮರಳುವಾಗ ಅದೇ ಹಾಳೆ ಕಣ್ಣಿಗೆ ಬಿದ್ದದ್ದೇ ತಡ, ಕತ್ತು ಸೆಟೆದು ಮೇಲೆದ್ದಿತು, ಹೊಳ್ಳೆಗಳು ಅರಳಿದವು, ಜೀನಿನ ಕೆಳಗೆ ಬೆನ್ನು ಹಲಗೆಯಂತೆ ಬಿಗಿಯಿತು. ಏನಾಯಿತೆಂದು ತಿಳಿಯುವಷ್ಟರಲ್ಲಿ ನಾವು ದಾರಿಯ ಆಚೆ ಬದಿಯಲ್ಲಿದ್ದೆವು. ನನ್ನ ಒಂದು ಕಾಲು ರಿಕಾಪಿನಿಂದ ಹೊರಗಿತ್ತು, ಒಂದು ಕೈ ಜೂಲನ್ನು ಹಿಡಿದಿತ್ತು.

"ಬರೀ ಹಠ. ಈಗ ತಾನೇ ನೋಡಿತ್ತಲ್ಲ" ಎಂದರು ಜೊತೆಗಿದ್ದ ಹಿರಿಯ ಸವಾರರು. "ಎರಡು ಬಾರಿಸಿ, ಸರಿಹೋಗುತ್ತದೆ."

ನೋಡಿತ್ತು, ನಿಜ. ಆದರೆ ಹೋಗುವಾಗ ಹಾಳೆ ಎಡಗಡೆಗಿತ್ತು, ಬರುವಾಗ ಬಲಗಡೆಗೆ. ಕುದುರೆಯ ಎಡಗಣ್ಣು ಕಂಡದ್ದು ಬಲಗಣ್ಣಿಗೆ ಗೊತ್ತಾಗುವುದಿಲ್ಲ ಎಂಬ ಮಾತು ಸವಾರರಲ್ಲಿ ಬಹಳ ಹಳೆಯದು. ಅದು ಸುಳ್ಳು. ಒಂದು ಕಣ್ಣು ಮುಚ್ಚಿ ಕಲಿಸಿದ್ದನ್ನು ಕುದುರೆ ಇನ್ನೊಂದು ಕಣ್ಣಿನಿಂದಲೂ ಗುರುತಿಸುತ್ತದೆ ಎಂದು ಅಮೆರಿಕದ ಸಂಶೋಧಕಿ ಎವೆಲಿನ್ ಹ್ಯಾಂಗಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಗಾದರೆ ಅಡಚಣೆ ಎಲ್ಲಿ? ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ತಂಡವೊಂದು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಒಳ್ಳೆಯ ಸುಳಿವಿದೆ. ಮಕ್ಕಳು ಆಡುವ ಪ್ಲಾಸ್ಟಿಕ್ ಜಾರುಬಂಡೆ-ಉಯ್ಯಾಲೆಯೊಂದರ ಮುಂದೆ ಎಳೆಯ ಕುದುರೆಗಳನ್ನು ಮತ್ತೆ ಮತ್ತೆ ನಡೆಸಿ, ಅವು ಅದಕ್ಕೆ ಪೂರ್ತಿ ಒಗ್ಗಿಕೊಳ್ಳುವಂತೆ ಮಾಡಿದರು. ಆಮೇಲೆ ಆ ವಸ್ತುವನ್ನು ಇದ್ದಲ್ಲೇ 90 ಡಿಗ್ರಿ ತಿರುಗಿಸಿಟ್ಟರು. ಕುದುರೆಗಳು ಅದನ್ನು ಮೊದಲ ಸಲ ನೋಡಿದಂತೆಯೇ ಬೆದರಿದವು. ನಮಗೆ ಅದು ತಿರುಗಿಸಿಟ್ಟ ಹಳೆಯ ಜಾರುಬಂಡೆ, ಅವಕ್ಕೆ ಹೊಸದೇ ಒಂದು ಆಕಾರ. ನನ್ನ ಬೇಲಿಯ ಹಾಳೆಯೂ ಅಂಥದ್ದೇ ಇದ್ದೀತು.

ಕುದುರೆಯ ಕಣ್ಣು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುಮಾರು 350 ಡಿಗ್ರಿಯಷ್ಟು ಸುತ್ತಲಿನ ನೋಟ ಅದಕ್ಕೆ ಒಂದೇ ಸಲಕ್ಕೆ ಸಿಗುತ್ತದೆ. ಆದರೆ ಎರಡೂ ಕಣ್ಣು ಸೇರಿ ದೂರವನ್ನು ಅಳೆಯಬಲ್ಲ ಭಾಗ ಮುಂದುಗಡೆಯ ಒಂದು ಪಾಲು ಮಾತ್ರ. ಬೇಲಿಯಂಚಿನಲ್ಲಿ ಏನೋ ಅಲುಗಿದರೆ ಅದೇನೆಂದು ತಿಳಿಯಲು ಕುದುರೆ ತಲೆಯೆತ್ತಿ ಅತ್ತ ತಿರುಗಿಸಲೇಬೇಕು. ನಾವೋ ಗಾಬರಿಯಲ್ಲಿ ಲಗಾಮು ಜಗ್ಗಿ ಗದ್ದವನ್ನು ಎದೆಗೆ ಎಳೆಯುತ್ತೇವೆ. ಮೂತಿ ಒಳಕ್ಕೆ ಬಾಗಿದಷ್ಟೂ ಕುದುರೆಗೆ ಮುಂದಿನ ದಾರಿ ಮರೆಯಾಗಿ ಕಾಲಬುಡದ ನೆಲ ಕಾಣುತ್ತದೆ. ಹೆದರಿದ ಪ್ರಾಣಿಯ ಕಣ್ಣಿಗೆ ಪಟ್ಟಿ ಕಟ್ಟಿದಂತಾಯಿತು. ಬಿಸಿಲಿನಿಂದ ನೆರಳಿಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮಗಿಂತ ಹೆಚ್ಚು ಹೊತ್ತು ಬೇಕು ಎಂಬುದನ್ನೂ ನೆನಪಿಡಬೇಕು. ಲಾಯದ ಬಾಗಿಲಲ್ಲಿ ನಿಂತುಬಿಡುವ ಕುದುರೆಗೆ ಒಳಗೆ ಬರೀ ಕತ್ತಲೆ ಕಂಡಿರುತ್ತದೆ.

ಕಿವಿಯ ಕಥೆ ಇನ್ನೂ ಸ್ವಾರಸ್ಯದ್ದು. ನಮಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ಕುದುರೆಗೆ ಸುಮಾರು 33,000ದವರೆಗೂ ಕೇಳಿಸುತ್ತದೆ. ಆದರೆ ಸದ್ದು ಎತ್ತಲಿಂದ ಬಂತೆಂದು ಗುರುತಿಸುವುದರಲ್ಲಿ ಅದು ತುಂಬ ಹಿಂದೆ. ನಾವು ಒಂದು ಡಿಗ್ರಿಯ ಆಸುಪಾಸಿನಲ್ಲಿ ಹೇಳುವುದನ್ನು ಅದು 25 ಡಿಗ್ರಿಯ ಅಂದಾಜಿನಲ್ಲಿ ಹೇಳುತ್ತದೆ. ಏನೋ ಇದೆ, ಎಲ್ಲಿದೆಯೋ ತಿಳಿಯದು. ಕೊಂಬಿಲ್ಲದ, ಓಟವನ್ನೇ ನಂಬಿ ಬದುಕಿದ ಪ್ರಾಣಿ ಇಂಥ ಹೊತ್ತಿನಲ್ಲಿ ಮೊದಲು ಓಡಿ ಆಮೇಲೆ ನೋಡುತ್ತದೆ. ಇದರಲ್ಲಿ ಹಠ ಎಲ್ಲಿಂದ ಬಂತು?

ಇಷ್ಟೆಲ್ಲ ಕುದುರೆಯ ಪಾಲು. ಸವಾರನ ಪಾಲೂ ಕಡಿಮೆಯೇನಿಲ್ಲ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಸವಾರರನ್ನು ಚಿಕ್ಕದೊಂದು ದಾರಿಯಲ್ಲಿ ನಾಲ್ಕು ಸಲ ಹೋಗಿಬರಲು ಹೇಳಿದರು. ನಾಲ್ಕನೆಯ ಸಲಕ್ಕೆ ಮುಂಚೆ, "ಈ ಬಾರಿ ನೀವು ಹಾದುಹೋಗುವಾಗ ಕೊಡೆ ಬಿಚ್ಚುತ್ತೇವೆ" ಎಂದು ತಿಳಿಸಿದರು. ಕೊಡೆ ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತ ಏರಿತು, ಕೊಡೆಯ ಸುದ್ದಿಯೇ ತಿಳಿಯದ ಕುದುರೆಗಳದ್ದೂ ಏರಿತು. ಸವಾರರು ತಮಗರಿವಿಲ್ಲದೆ ಲಗಾಮನ್ನು ಗಿಡ್ಡ ಮಾಡಿಕೊಂಡಿದ್ದರು. ಇದನ್ನು ಓದಿದ ದಿನ ನನಗೆ ನಾಚಿಕೆಯಾಯಿತು. ಆ ಬೇಲಿ ಹತ್ತಿರವಾಗುತ್ತಿದ್ದಂತೆ ನಾನು ಪ್ರತಿಸಲವೂ ಉಸಿರು ಬಿಗಿಹಿಡಿಯುತ್ತಿದ್ದೆ.

ಹಾಗಾಗಿ ಈಗ ಬೇಲಿ ದೂರದಲ್ಲಿ ಕಂಡಾಗಲೇ ಬೇಕೆಂದೇ ಉದ್ದಕ್ಕೆ ಉಸಿರು ಬಿಡುತ್ತೇನೆ. ಹಿಮ್ಮಡಿ ಇಳಿಬಿಟ್ಟು, ಕೈ ಸಡಿಲಿಸಿ, ಹಾಳೆಯನ್ನು ನೋಡದೆ ಅದರಾಚೆಯ ದಾರಿಯನ್ನು ನೋಡುತ್ತೇನೆ. ಕುದುರೆಯ ಕತ್ತನ್ನು ಹಾಳೆಗೆ ವಿರುದ್ಧ ದಿಕ್ಕಿಗೆ ತುಸುವೇ ಬಾಗಿಸಿ, ಅದಕ್ಕೊಂದು ಸಣ್ಣ ಕೆಲಸ ಕೊಡುತ್ತೇನೆ: ನಾಲ್ಕು ಹೆಜ್ಜೆ, ನಿಲ್ಲು, ಮತ್ತೆ ನಾಲ್ಕು ಹೆಜ್ಜೆ. ಕೈಮೀರುತ್ತದೆ ಅನ್ನಿಸಿದರೆ ಇಳಿದು ನಡೆಸುವುದರಲ್ಲಿ ಸೋಲೇನೂ ಇಲ್ಲ. ಆದರೆ ಇಳಿದವರು ಹೆದರಿಸುವ ವಸ್ತುವಿಗೂ ಕುದುರೆಗೂ ನಡುವೆ ಇರಬೇಕು. ಕುದುರೆ ಹಾರುವುದು ವಸ್ತುವಿನಿಂದ ದೂರಕ್ಕೆ. ಆ ಕಡೆ ನಿಂತಿದ್ದರೆ ನಮ್ಮ ಮೇಲೇ ಬರುತ್ತದೆ.

ಪಳಗಿಸುವ ಕೆಲಸ ಮಾತ್ರ ನೆಲದ ಮೇಲಿನದು, ಪುರುಸೊತ್ತಿನದು. ಹಾಳೆಯತ್ತ ನಡೆಸುತ್ತ ಹೋದರೆ ಒಂದು ಕಡೆ ಕಿವಿ ನಿಮಿರುತ್ತದೆ, ಕಾಲು ಇನ್ನೂ ಹಿಂಜರಿದಿರುವುದಿಲ್ಲ. ನಿಲ್ಲಬೇಕಾದ್ದು ಅಲ್ಲಿ, ಒಂದು ಹೆಜ್ಜೆಯೂ ಮುಂದಲ್ಲ. ಕಾಯಬೇಕು. ಕತ್ತು ಇಳಿಯುತ್ತದೆ, ದವಡೆ ಆಡುತ್ತದೆ, ಮೂಗಿನಿಂದ ದೊಡ್ಡದೊಂದು ಉಸಿರು ಬರುತ್ತದೆ. ಆ ಗಳಿಗೆಯಲ್ಲೇ ಹಗ್ಗ ಸಡಿಲಿಸಿ ಅದನ್ನು ಹಾಳೆಯಿಂದ ಆಚೆ ಕರೆದೊಯ್ಯಬೇಕು. ಶಾಂತವಾಗಿದ್ದಾಗ ಬಿಡುಗಡೆ ಸಿಕ್ಕಿತೆಂದು ಕುದುರೆ ಕಲಿಯುತ್ತದೆ. ಎಳೆದಾಡುವಾಗ ಬಿಟ್ಟರೆ ಎಳೆದಾಡುವುದನ್ನೇ ಕಲಿಯುತ್ತದೆ. ಮುಂದಿನ ಸಲ ಒಂದು ಹೆಜ್ಜೆ ಹತ್ತಿರ. ಎಡದಿಂದ ಆದದ್ದನ್ನೆಲ್ಲ ಬಲದಿಂದಲೂ ಮೊದಲಿನಿಂದ ಮಾಡಬೇಕು.

ಈ ಹಂತಹಂತದ ದಾರಿಯೇ ಮೇಲೆನ್ನಲು ಡೆನ್ಮಾರ್ಕ್‌ನ ಯಾನ್ನೆ ವಿಂಥರ್ ಕ್ರಿಸ್ಟೆನ್ಸನ್ ಅವರ 2006ರ ಪ್ರಯೋಗ ನನಗೆ ಆಧಾರ. ಎರಡು ವರ್ಷದ 27 ಗಂಡು ಕುದುರೆಗಳಿಗೆ ಬಿಳಿಯ ನೈಲಾನ್ ಚೀಲವೊಂದನ್ನು ಮೂರು ವಿಧಾನಗಳಲ್ಲಿ ಅಭ್ಯಾಸ ಮಾಡಿಸಲಾಯಿತು. ಹಂತಹಂತವಾಗಿ ಕಲಿತ ಗುಂಪಿನ ಎಲ್ಲ ಕುದುರೆಗಳೂ ಶಾಂತವಾದವು, ಉಳಿದ ಗುಂಪುಗಳಲ್ಲಿ ಕೆಲವು ಕೊನೆಗೂ ಒಗ್ಗಲಿಲ್ಲ. ಎರಡು ವರ್ಷದ ನಂತರ ಇದೇ ಸಂಶೋಧಕರು, ಒಗ್ಗಿಕೊಂಡ ಜೊತೆಗಾರ ಪಕ್ಕದಲ್ಲಿದ್ದರೆ ಹೊಸ ಕುದುರೆಯ ಅಂಜಿಕೆ ತಗ್ಗುತ್ತದೆ ಎಂದೂ ತೋರಿಸಿದರು. ಕಟ್ಟಿಹಾಕಿ, ಸುಮ್ಮನಾಗುವವರೆಗೆ ಚೀಲ ಬಡಿಯುವ ಪದ್ಧತಿಯನ್ನು ನಾನಂತೂ ಒಪ್ಪುವುದಿಲ್ಲ. ಆ ಮೌನ ಧೈರ್ಯದ್ದಲ್ಲದೆ ಕೈಚೆಲ್ಲಿದ ಮೌನವೂ ಆಗಿರಬಹುದು. ಇನ್ನು ಬಾರಿಸುವ ಮಾತು. ಹೊಡೆದರೆ ಕುದುರೆ ಆ ನೋವನ್ನೂ ಹೆದರಿಸಿದ ವಸ್ತುವಿನ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ. ಸುಮಾರು 2,400 ವರ್ಷಗಳ ಹಿಂದೆ ಗ್ರೀಕಿನ ಸೇನಾನಿ, ಬರಹಗಾರ ಕ್ಸೆನೊಫೋನ್ ಇದನ್ನೇ ಹೇಳಿ, ಆ ವಸ್ತುವನ್ನು ಮೊದಲು ನೀವೇ ಮುಟ್ಟಿ ತೋರಿಸಿ ಎಂದು ಬರೆದಿದ್ದ.

ನಿನ್ನೆಯವರೆಗೆ ಸರಿಯಿದ್ದ ಕುದುರೆ ಇಂದು ದಿಢೀರನೆ ಬೆದರತೊಡಗಿದರೆ ಪಾಠ ನಿಲ್ಲಿಸಿ ಪಶುವೈದ್ಯರನ್ನು ಕರೆಯಿರಿ. ಕಣ್ಣಿನ ಪೊರೆ, ಹೊಟ್ಟೆಯ ಹುಣ್ಣು, ಹಲ್ಲುನೋವು, ಬೆನ್ನಿಗೆ ಒತ್ತುವ ಜೀನು, ಯಾವುದೂ ಇರಬಹುದು. ದಿನವಿಡೀ ಲಾಯದಲ್ಲಿ ಕಟ್ಟಿ ಕಾಳು ಹೆಚ್ಚಾಗಿ ತಿನ್ನಿಸಿದ ಕುದುರೆ ಕುಣಿಯುವುದು ಸಹಜ. ಅದಕ್ಕೆ ಬೇಕಾದ್ದು ಬಯಲು.

ಆ ನೀಲಿ ಹಾಳೆಯನ್ನು ನಾನು ಬೇಲಿಯಿಂದ ತೆಗೆಯಲಿಲ್ಲ. ಮೂರನೆಯ ವಾರ ಕುದುರೆ ಅದರ ಅಂಚನ್ನು ಮೂಸಿ ತುಟಿಯಿಂದ ಹಿಡಿದೆಳೆಯಿತು. ಮರುದಿನ ಗಾಳಿಗೆ ಹಾಳೆ ಹಾರಿ ಎರಡು ಕಂಬ ಆಚೆ ಸಿಕ್ಕಿಕೊಂಡಿತ್ತು. ಕತ್ತು ಮತ್ತೆ ಸೆಟೆಯಿತು, ಕಿವಿ ನಿಮಿರಿತು. ನಾನು ಉಸಿರು ಬಿಟ್ಟೆ. ಈ ಸಲ ಅದು ನಿಂತದ್ದು ಮೂವತ್ತು ಹೆಜ್ಜೆ ದೂರದಲ್ಲಲ್ಲ, ಎಂಟು ಹೆಜ್ಜೆಯಲ್ಲಿ.