ಕಾರಿನ ಎಸಿ: ರಿಪೇರಿ ಸಾಕಾ, ಹೊಸ ಪಾರ್ಟ್ ಹಾಕಿಸಬೇಕಾ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಹತ್ತು ವರ್ಷ ಹಳೆಯ ಸಣ್ಣ ಕಾರಿದೆ. ಬೇಸಿಗೆ ಬಂದಾಗಲೆಲ್ಲ ಎಸಿಗೆ ಗ್ಯಾಸ್ ತುಂಬಿಸುತ್ತಿದ್ದೇನೆ. ಈ ಸಲ ಎಸಿ ಆನ್ ಮಾಡಿದರೆ ಬರೀ ಗಾಳಿ ಬರುತ್ತದೆ. ಒಂದು ಗ್ಯಾರೇಜಿನವರು ಕಂಪ್ರೆಸರ್ ಹೋಗಿದೆ, ಹೊಸದೇ ಆಗಬೇಕು ಅಂದರು. ಇನ್ನೊಬ್ಬರು ಅದನ್ನೇ ರಿಪೇರಿ ಮಾಡಿಕೊಡ್ತೀನಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರಿಗೂ ಹೂಂ ಅನ್ನಬೇಡಿ. ಗ್ಯಾಸ್ ಎಲ್ಲಿ ಸೋರುತ್ತಿದೆ ಅಂತ ಇಬ್ಬರೂ ನೋಡಿದ ಹಾಗೆ ಕಾಣುವುದಿಲ್ಲ. ಅದು ಗೊತ್ತಾಗುವ ತನಕ ಯಾವ ಭಾಗಕ್ಕೂ ದುಡ್ಡು ಹಾಕಬೇಡಿ.

ಎಸಿ ಗ್ಯಾಸ್ ಉರಿದು ಖಾಲಿಯಾಗುವ ವಸ್ತುವಲ್ಲ. ಅದನ್ನು ಒತ್ತುವ ಕಂಪ್ರೆಸರ್, ಬಿಸಿ ಹೊರಹಾಕುವ ಕಂಡೆನ್ಸರ್, ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಶನ್ ವಾಲ್ವ್, ಗಾಳಿ ತಂಪು ಮಾಡುವ ಕೂಲಿಂಗ್ ಕಾಯಿಲ್ ಇಷ್ಟರೊಳಗೇ ಸುತ್ತುತ್ತಿರುತ್ತದೆ. ರಬ್ಬರ್ ಪೈಪು, ಸೀಲುಗಳ ಮೂಲಕ ವರ್ಷ ವರ್ಷ ಚೂರುಪಾರು ಹೋಗುವುದು ಸಹಜ. ಆದರೆ ಪ್ರತಿ ಬೇಸಿಗೆಗೂ ತುಂಬಿಸಬೇಕಾಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಕಂಪ್ರೆಸರಿಗೆ ಬೇಕಾದ ಆಯಿಲ್ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಗ್ಯಾಸ್ ಸೋರುವಾಗ ಆಯಿಲೂ ಸ್ವಲ್ಪ ಸ್ವಲ್ಪ ಹೊರಗೆ ಹೋಗುತ್ತದೆ. ಲೀಕ್ ಹುಡುಕದೆ ಸುಮ್ನೆ ಗ್ಯಾಸ್ ತುಂಬಿಸುತ್ತಾ ಹೋದರೆ ಕಂಪ್ರೆಸರಿಗೆ ಆಯಿಲ್ ಸಾಲುವುದಿಲ್ಲ, ಒಳಗೊಳಗೇ ಸವೆಯುತ್ತದೆ. ಜಾಯಿಂಟಿನ ಒಂದು ಓ-ರಿಂಗಿನಲ್ಲಿ (ರಬ್ಬರ್ ಬಳೆ) ಮುಗಿಯುವ ಕೆಲಸ ಕಂಪ್ರೆಸರ್ ಬದಲಾಯಿಸುವ ತನಕ ಹೋಗುವುದು ಹೀಗೆ.

'ಕಂಪ್ರೆಸರ್ ಓಡ್ತಾ ಇಲ್ಲ' ಅನ್ನುವುದೂ 'ಕಂಪ್ರೆಸರ್ ಹೋಗಿದೆ' ಅನ್ನುವುದೂ ಬೇರೆ ಬೇರೆ. ಗ್ಯಾಸ್ ತೀರಾ ಕಡಿಮೆಯಾದಾಗ ಪ್ರೆಶರ್ ಸ್ವಿಚ್ ಬೇಕಂತಲೇ ಕಂಪ್ರೆಸರನ್ನು ನಿಲ್ಲಿಸುತ್ತದೆ. ಅದು ಹಾಳಾಗದಿರಲಿ ಅಂತಲೇ ಆ ವ್ಯವಸ್ಥೆ. ಫ್ಯೂಸ್ ಹೋಗಿದ್ದರೂ, ರಿಲೇ ಕೆಟ್ಟಿದ್ದರೂ ಅದು ಓಡುವುದಿಲ್ಲ. ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲಿಸುವ ಕಾರಾದರೆ ಇಲಿ ವೈರ್ ಕಡಿದಿದೆಯಾ ಅಂತ ಮೊದಲು ನೋಡಿಸಿ. ನಮ್ಮ ಕಡೆ ಇದು ತುಂಬಾ ಮಾಮೂಲಿ.

ಇಂಜಿನ್ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ಒಳಗೆ ಕೂತವರಿಗೆ ಎಸಿ ಸ್ವಿಚ್ ಒತ್ತಲು ಹೇಳಿ. ಹಳೆಯ ಕಾರುಗಳಲ್ಲಿ ಕಂಪ್ರೆಸರ್ ಮುಂದೆ ಮ್ಯಾಗ್ನೆಟಿಕ್ ಕ್ಲಚ್, ಅಂದರೆ ಕರೆಂಟ್ ಬಂದಾಗ ಅದನ್ನು ಪುಲ್ಲಿಗೆ ಜೋಡಿಸುವ ಭಾಗ ಇರುತ್ತದೆ. 'ಟಕ್' ಅಂತ ಶಬ್ದ ಬಂದು ಮುಂದಿನ ತಟ್ಟೆ ಪುಲ್ಲಿಯ ಜೊತೆ ತಿರುಗಬೇಕು. ಪುಲ್ಲಿ ಮಾತ್ರ ತಿರುಗಿ ತಟ್ಟೆ ನಿಂತೇ ಇದ್ದರೆ ಕ್ಲಚ್ ಹಿಡಿದಿಲ್ಲ. ಕ್ಲಚ್ಚಿನ ಕಾಯಿಲಿಗೆ ಕರೆಂಟ್ ಬರುತ್ತಿದ್ದರೂ ಹಿಡಿಯದಿದ್ದರೆ ಆ ಕಾಯಿಲ್ ಸುಟ್ಟಿರಬಹುದು, ಇಲ್ಲವೇ ತಟ್ಟೆಗೂ ಪುಲ್ಲಿಗೂ ನಡುವಿನ ಸಂದು ಸವೆದು ಜಾಸ್ತಿಯಾಗಿರಬಹುದು. ಕ್ಲಚ್ ಕಾಯಿಲ್, ಪುಲ್ಲಿ ಬೇರಿಂಗ್ ಹೆಚ್ಚಿನ ಮಾಡೆಲುಗಳಿಗೆ ಬಿಡಿಯಾಗಿ ಸಿಗುತ್ತವೆ. ಅಷ್ಟಕ್ಕೇ ಇಡೀ ಕಂಪ್ರೆಸರ್ ಬದಲಾಯಿಸುವುದು ದಂಡ.

ಇನ್ನು ಲೀಕ್ ಹುಡುಕುವ ಕೆಲಸ. ಪೈಪ್ ಜಾಯಿಂಟು, ಕಂಡೆನ್ಸರಿನ ಅಂಚು, ಕಂಪ್ರೆಸರಿನ ಮುಂಭಾಗ ಇಲ್ಲೆಲ್ಲ ಟಾರ್ಚ್ ಬಿಟ್ಟು ನೋಡಿ. ಅಂಟಂಟಾದ ಕಲೆ, ಅದರ ಮೇಲೆ ಕೂತ ಕಪ್ಪು ಧೂಳು ಕಂಡರೆ ಅಲ್ಲಿ ಗ್ಯಾಸಿನ ಜೊತೆ ಆಯಿಲ್ ಬರುತ್ತಿದೆ ಅಂತ ಅನುಮಾನಪಡಬಹುದು. ಬರಿಗಣ್ಣಿಗೆ ಕಾಣದಿದ್ದರೆ ನೈಟ್ರೋಜನ್ ತುಂಬಿಸಿ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುತ್ತಾರೆ. ಡೈ ಹಾಕಿ ಕೆಲವು ದಿನ ಓಡಿಸಿ, ಆಮೇಲೆ ಯುವಿ ಲೈಟಿನಲ್ಲಿ ನೋಡುವುದೂ ಉಂಟು. ಪಂಪಿನಿಂದ ಒಳಗಿನ ಗಾಳಿ ಎಳೆದು, ಅಂದರೆ ವ್ಯಾಕ್ಯೂಮ್ ಹಾಕಿ, 'ಮೀಟರಿನ ಮುಳ್ಳು ನಿಂತಿದೆ, ಲೀಕ್ ಇಲ್ಲ' ಅನ್ನುವುದನ್ನು ಮಾತ್ರ ಪೂರ್ತಿ ನಂಬಬೇಡಿ. ಎಸಿ ಓಡುವಾಗ ಒಳಗಿನ ಒತ್ತಡ 200 ಪಿಎಸ್‌ಐ ದಾಟಬಹುದು. ಆಗ ಬಾಯಿಬಿಡುವ ಸಣ್ಣ ಲೀಕ್ ವ್ಯಾಕ್ಯೂಮಿನಲ್ಲಿ ಗೊತ್ತಾಗದೇ ಹೋಗಬಹುದು.

ವ್ಯಾಕ್ಯೂಮ್ ಬಗ್ಗೆ ನಮ್ಮ ಊರುಗಳಿಗೇ ಅನ್ವಯಿಸುವ ಒಂದು ಮಾತಿದೆ. ಪುಸ್ತಕಗಳಲ್ಲಿ ಮೀಟರ್ 29 ಇಂಚಿನ (ಪಾದರಸದ ಲೆಕ್ಕ) ತನಕ ಹೋಗಬೇಕು ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಹಾಸನ ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಚಿಕ್ಕಮಗಳೂರು ಅದಕ್ಕಿಂತ ಎತ್ತರ. ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಎಷ್ಟು ಒಳ್ಳೆಯ ಪಂಪ್ ಆದರೂ ಮುಳ್ಳು 26-27 ಇಂಚಿನ ಹತ್ತಿರ ನಿಲ್ಲುತ್ತದೆ. ಅಷ್ಟಕ್ಕೇ ನಿಂತಿತು ಅಂತ ಯಾರಾದರೂ ಲೀಕ್ ಎಂದರೆ ಒಪ್ಪಬೇಡಿ.

ಲೀಕ್ ಸಿಕ್ಕಿದ ಮೇಲೆ ರಿಪೇರಿಯೋ ಬದಲಾವಣೆಯೋ ಅನ್ನುವ ಪ್ರಶ್ನೆ ಅರ್ಧ ಬಗೆಹರಿದ ಹಾಗೆ. ಜಾಯಿಂಟಿನಲ್ಲಿದ್ದರೆ ಹೊಸ ಓ-ರಿಂಗ್ ಸಾಕು. ರಬ್ಬರ್ ಪೈಪ್ ಬಿರಿದಿದ್ದರೆ ತುದಿಯ ಅಲ್ಯೂಮಿನಿಯಂ ಫಿಟಿಂಗ್ ಉಳಿಸಿಕೊಂಡು ಹೊಸ ಪೈಪ್ ಕ್ರಿಂಪ್ ಮಾಡಿಸಬಹುದು, ಅಂದರೆ ಒತ್ತಿ ಕೂರಿಸಬಹುದು.

ಕಂಡೆನ್ಸರ್ ಮಾತ್ರ ಬದಲಾಯಿಸಿಬಿಡಿ. ಅದು ರೇಡಿಯೇಟರಿನ ಮುಂದೆ ಇರುವುದರಿಂದ ರಸ್ತೆಯ ಕಲ್ಲು, ಕೆಸರು ಎಲ್ಲ ಅದಕ್ಕೇ ಹೊಡೆಯುತ್ತದೆ. ಈಗಿನವು ತೆಳ್ಳನೆಯ ಅಲ್ಯೂಮಿನಿಯಂ ಕೊಳವೆಗಳಿಂದ ಮಾಡಿದವು. ಅಂಟು ಹಾಕಿದರೆ ಆ ಒತ್ತಡಕ್ಕೆ, ಆ ಬಿಸಿಗೆ ಬಹಳ ದಿನ ನಿಲ್ಲುವುದಿಲ್ಲ. ಡಬ್ಬಿಯಲ್ಲಿ ಬರುವ ಲೀಕ್ ಮುಚ್ಚುವ ದ್ರವವನ್ನಂತೂ ಹಾಕಿಸಲೇಬೇಡಿ. ಅದು ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ರಂಧ್ರದಲ್ಲಿ ಕಟ್ಟಿಕೊಂಡರೆ ಇನ್ನೊಂದು ಕೆಲಸ ಶುರುವಾಗುತ್ತದೆ.

ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡಿನ ಹಿಂದೆ ಇರುತ್ತದೆ. ಬಹಳಷ್ಟು ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚದೆ ಅದು ಕೈಗೆ ಸಿಗುವುದಿಲ್ಲ. ಇಲ್ಲಿ ಪಾರ್ಟಿಗಿಂತ ಕೂಲಿಯೇ ಜಾಸ್ತಿ ಆಗಬಹುದು. ಹಾಗಾಗಿ ಹಳೆಯ ಕಾಯಿಲಿಗೆ ಬೆಸುಗೆ ಹಾಕಿ ಮತ್ತೆ ಕೂರಿಸುವುದು ನನ್ನ ಪ್ರಕಾರ ಲಾಭದ ಕೆಲಸವಲ್ಲ. ಹೊಸದು ಹಾಕಿಸಿ, ಅದೇ ಸಲ ಎಕ್ಸ್‌ಪ್ಯಾನ್ಶನ್ ವಾಲ್ವನ್ನೂ ಬದಲಾಯಿಸಿಬಿಡಿ.

ಡ್ರೈಯರ್ ಅನ್ನುವ ಭಾಗವನ್ನು ಬಿಲ್ ಉಳಿಸಲು ಬಿಟ್ಟುಬಿಡುವವರೇ ಜಾಸ್ತಿ. ಅದರೊಳಗೆ ತೇವ ಹೀರುವ ಕಾಳುಗಳಿರುತ್ತವೆ, ಮಾತ್ರೆ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣದಲ್ಲಿ ಇರುತ್ತವಲ್ವಾ, ಅಂಥವೇ. ಸಿಸ್ಟಮ್ ಬಿಚ್ಚಿ ಗಾಳಿ ತಾಗಿದರೆ ಅವು ಬೇಗ ತೇವ ಕುಡಿಯುತ್ತವೆ. ಸಕಲೇಶಪುರದ ಮಳೆಗಾಲದ ಗಾಳಿಯಲ್ಲಿ ಹೇಳುವುದೇ ಬೇಡ. ಒಳಗೆ ತೇವ ಉಳಿದರೆ ವಾಲ್ವಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಆಯಿಲ್ ಕೆಡುತ್ತದೆ. ಎಷ್ಟೋ ಕಾರುಗಳಲ್ಲಿ ಡ್ರೈಯರ್ ಕಂಡೆನ್ಸರಿನ ಪಕ್ಕದ ಕೊಳವೆಯಲ್ಲೇ ಸೇರಿರುತ್ತದೆ. ಹೊಸ ಕಂಡೆನ್ಸರ್ ತರುವಾಗ ಅದರಲ್ಲಿ ಡ್ರೈಯರ್ ಇದೆಯಾ ಅಂತ ಕೇಳಿ.

ಈಗ ನಿಮ್ಮ ಕಂಪ್ರೆಸರಿನ ವಿಷಯ. ಗ್ಯಾಸ್ ತೂಕ ಸರಿಯಿದ್ದು, ಕ್ಲಚ್ ಹಿಡಿದು ಓಡುತ್ತಿದ್ದರೂ ಕಡಿಮೆ ಒತ್ತಡದ ಮತ್ತು ಹೆಚ್ಚು ಒತ್ತಡದ ಎರಡೂ ಮೀಟರುಗಳ ಮುಳ್ಳು ಹೆಚ್ಚೂಕಡಿಮೆ ಒಂದೇ ಕಡೆ ನಿಂತಿದ್ದರೆ ಕಂಪ್ರೆಸರ್ ಗ್ಯಾಸನ್ನು ಒತ್ತುತ್ತಿಲ್ಲ ಅಂತ ಅರ್ಥ. ಕೆಲವು ಮಾಡೆಲುಗಳಲ್ಲಿ ಅದರ ಹಿಂಭಾಗದ ಕಂಟ್ರೋಲ್ ವಾಲ್ವ್ ಕೆಟ್ಟರೂ ಹೀಗೇ ಆಗುತ್ತದೆ, ಆ ವಾಲ್ವ್ ಬಿಡಿಯಾಗಿ ಬದಲಾಯಿಸಬಹುದು. ಅದೂ ಅಲ್ಲದಿದ್ದರೆ ಕಂಪ್ರೆಸರ್ ಇಳಿಸಿದಾಗ ನೀವು ಅಲ್ಲೇ ನಿಂತಿರಿ. ಒಳಗಿನ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಎರಡು ಹನಿ ಬಿಡಲು ಹೇಳಿ, ಬಿಸಿಲಿಗೆ ಹಿಡಿದು ನೋಡಿ. ತಿಳಿಯಾಗಿದ್ದು, ಸೋರುವುದು ಬರೀ ಶಾಫ್ಟ್ ಸೀಲಿನಲ್ಲಿ (ತಿರುಗುವ ದಂಡದ ಸುತ್ತಲಿನ ಸೀಲ್) ಆದರೆ ಸೀಲ್ ಬದಲಾಯಿಸಿ ಮುಂದುವರಿಯಬಹುದು. ಕೈ ನುರಿತವರು ಮಾಡಬೇಕು ಅಷ್ಟೇ. ಬಟ್ಟೆಯ ಮೇಲೆ ಕಪ್ಪಗೆ ಹರಡಿ ನಡುವೆ ಬೆಳ್ಳಿ ಪುಡಿಯಂತೆ ಮಿಂಚಿದರೆ ಒಳಗಿನ ಲೋಹ ಸವೆದು ಪುಡಿಯಾಗಿದೆ. ಆಗ ರಿಪೇರಿಯ ಮಾತು ಬಿಡಿ.

ಆಗ ಬರೀ ಕಂಪ್ರೆಸರ್ ಹೊಸದು ಹಾಕಿದರೂ ಪ್ರಯೋಜನವಿಲ್ಲ. ಆ ಪುಡಿ ಕಂಡೆನ್ಸರಿನ ಸಣ್ಣ ಕೊಳವೆಗಳಲ್ಲೂ ವಾಲ್ವಿನಲ್ಲೂ ಕೂತಿರುತ್ತದೆ. ಹೊಸ ಕಂಪ್ರೆಸರ್ ಅದನ್ನೇ ಎಳೆದುಕೊಂಡು ಬೇಗ ಕೆಡುತ್ತದೆ. ಪೈಪುಗಳನ್ನೂ ಕೂಲಿಂಗ್ ಕಾಯಿಲನ್ನೂ ಫ್ಲಶ್ ಮಾಡಿಸಿ, ಅಂದರೆ ಒಳಗಿನಿಂದ ತೊಳೆಸಿ. ಕಂಡೆನ್ಸರ್, ಡ್ರೈಯರ್, ವಾಲ್ವ್ ಹೊಸದು ಹಾಕಿಸಿ. ಇದು ದೊಡ್ಡ ಖರ್ಚು. ಎರಡು ಮೂರು ವರ್ಷದಲ್ಲಿ ಮಾರುವ ಕಾರಾದರೆ ನಾನಂತೂ ಇದನ್ನು ಮಾಡಿಸಿ ಅನ್ನುವುದಿಲ್ಲ. ಗುಜರಿಯಿಂದ ಬಂದ ಕಂಪ್ರೆಸರ್ ಅಗ್ಗಕ್ಕೆ ಸಿಗಬಹುದು. ಆದರೆ ಅದು ಎಷ್ಟು ಕಾಲ ಬಾಯಿ ತೆರೆದು ಬಿದ್ದಿತ್ತು ಅಂತ ತಿಳಿಯದೆ ತರಬೇಡಿ, ಅದರ ಆಯಿಲೂ ಅಷ್ಟೊತ್ತಿಗೆ ತೇವ ಕುಡಿದಿರುತ್ತದೆ.

ನಮ್ಮೂರಿನ ತಂಪಿಗೆ ಎಸಿ ಯಾಕೆ, ಹಾಗೇ ಬಿಡೋಣ ಅಂತ ನಿಮಗೆ ಅನ್ನಿಸಿದರೆ ಒಂದು ಸಲ ಯೋಚಿಸಿ. ಜುಲೈ ಮಳೆಯಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿಯುವಾಗ ಮುಂದಿನ ಗಾಜು ಒಳಗಿನಿಂದ ಮಬ್ಬಾಗುತ್ತದೆ. ಎಸಿ ಕಾಯಿಲ್ ಒಳಗಿನ ಗಾಳಿಯ ತೇವವನ್ನು ನೀರಾಗಿಸಿ ಹೊರಗೆ ಬಿಡುತ್ತದೆ, ಗಾಜು ಬೇಗ ತಿಳಿಯಾಗುತ್ತದೆ. ಮಕ್ಕಳು, ವಯಸ್ಸಾದವರನ್ನು ಕೂರಿಸಿಕೊಂಡು ಆ ತಿರುವುಗಳಲ್ಲಿ ಗಾಜು ಒರೆಸಿಕೊಂಡು ಓಡಿಸುವ ಪರಿಸ್ಥಿತಿ ಯಾರಿಗೂ ಬರಬಾರದು. ಕಾರನ್ನು ಇನ್ನೂ ಕೆಲವು ವರ್ಷ ಇಟ್ಟುಕೊಳ್ಳುವುದಾದರೆ, ಕಡಿಮೆ ಖರ್ಚಿನಲ್ಲಿ ಮುಗಿಯುವ ಲೀಕ್ ಆದರೆ ಖಂಡಿತ ಸರಿಮಾಡಿಸಿ.

ತಂಪಿನ ಊರಿನಲ್ಲಿ ಇನ್ನೊಂದು ತೊಂದರೆ ಇದೆ. ತಿಂಗಳುಗಟ್ಟಲೆ ಎಸಿ ಹಾಕದಿದ್ದರೆ ಶಾಫ್ಟ್ ಸೀಲ್ ಒಣಗಿ ಅಲ್ಲೇ ಸೋರಲು ಶುರುವಾಗುತ್ತದೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿದರೆ ಸೀಲಿಗೆ ಆಯಿಲ್ ತಾಗುತ್ತಿರುತ್ತದೆ.

ಗ್ಯಾಸ್ ತುಂಬಿಸುವ ದಿನ ಬಾನೆಟ್ ಒಳಗಿನ ಸ್ಟಿಕ್ಕರ್ ನೋಡಿ. ಯಾವ ಗ್ಯಾಸ್, ಎಷ್ಟು ಗ್ರಾಂ ಅಂತ ಅದರಲ್ಲಿ ಇರುತ್ತದೆ. ನಿಮ್ಮ ಕಾರಿನಲ್ಲಿ ಆರ್134ಎ ಅನ್ನುವ ಗ್ಯಾಸ್ ಇರುವ ಸಾಧ್ಯತೆಯೇ ಹೆಚ್ಚು. ಮೀಟರ್ ನೋಡಿ ಅಂದಾಜಿಗೆ ಬಿಡುವವರಿಗೆ ತೂಕ ಹಾಕಿ ತುಂಬಿ ಅನ್ನಿ. ಜಾಸ್ತಿಯಾದರೂ ಕೂಲಿಂಗ್ ಕಡಿಮೆಯಾಗುತ್ತದೆ, ಕಂಪ್ರೆಸರಿಗೆ ಹೊರೆ ಬೀಳುತ್ತದೆ. ಉಳಿದ ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಮೆಷಿನ್ನಿನಲ್ಲಿ ವಾಪಸ್ ಎಳೆದುಕೊಳ್ಳುವ ಗ್ಯಾರೇಜ್ ಸಿಕ್ಕರೆ ಅಲ್ಲಿಗೇ ಹೋಗಿ, ಆ ಗ್ಯಾಸ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಎಷ್ಟು ಗ್ಯಾಸ್, ಎಷ್ಟು ಆಯಿಲ್, ಯಾವ ಜಾಯಿಂಟಿನ ಓ-ರಿಂಗ್ ಬದಲಾಯಿತು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಮುಂದಿನ ಸಲ ಬೇರೆ ಯಾರ ಹತ್ತಿರ ಹೋದರೂ ಅವರು ಅಲ್ಲಿಂದಲೇ ಶುರುಮಾಡಬಹುದು.