ಕ್ಲೇರ್ ಕೌಂಟಿಯ ಗುಂಡಿ ಪರೀಕ್ಷೆ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲೇರ್ ಕೌಂಟಿಯಲ್ಲಿ, ಒಳಚರಂಡಿ ಇಲ್ಲದ ಕಡೆ ಮನೆ ಕಟ್ಟುವವರು ಮೊದಲು ಗುಂಡಿ ತೋಡಿಸಬೇಕು. ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ನೆಲ ಎಷ್ಟು ಹೊತ್ತಿನಲ್ಲಿ ಹೀರುತ್ತದೆ ಎಂಬ ಲೆಕ್ಕ ಸಿಗದೆ ಕೌಂಟಿ ಕೌನ್ಸಿಲ್ ಅನುಮತಿ ಕೊಡುವುದಿಲ್ಲ.

ಇಷ್ಟು ಬಿಗಿ ಏಕೆಂಬುದಕ್ಕೆ ಉತ್ತರ ಭಾಗದ ಬರೆನ್ ಬಂಡೆನಾಡೇ ಉತ್ತರ. ಸುಮಾರು 33 ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಬೆಚ್ಚನೆಯ ಕಡಲಿನ ತಳದಲ್ಲಿ ಕೂಡಿಬಂದ ಸುಣ್ಣಕಲ್ಲು ಅದು. ಮೇಲಿನ ಮಣ್ಣನ್ನು ಹಿಮನದಿಗಳು ಬಹುಪಾಲು ಕೆರೆದೊಯ್ದಿವೆ. ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ತುಸು ಆಮ್ಲೀಯ. ಅದು ಕಲ್ಲನ್ನು ಕರಗಿಸುತ್ತ ಬಿರುಕುಗಳನ್ನು ಅಗಲಿಸಿದೆ. ಬಿರುಕಿಗೆ ಗ್ರೈಕ್ ಎಂದೂ ನಡುವಿನ ಹಾಸುಗಲ್ಲಿಗೆ ಕ್ಲಿಂಟ್ ಎಂದೂ ಹೆಸರು. ಮಳೆ ಬಿದ್ದಂತೆ ನೀರು ಕೆಳಗಿಳಿಯುತ್ತದೆ. ಚಳಿಗಾಲದಲ್ಲಿ ಅದೇ ಅಂತರ್ಜಲ ತಗ್ಗುಗಳಲ್ಲಿ ಮೇಲೆದ್ದು ಟರ್ಲೋ ಎಂಬ ಕೆರೆಯಾಗುತ್ತದೆ, ಬೇಸಿಗೆಗೆ ಇಂಗಿಹೋಗಿ ಹುಲ್ಲುಗಾವಲು ಕಾಣುತ್ತದೆ. ಕಣ್ಣಾರೆ ನೋಡಬೇಕಾದ ಸೊಬಗು ಅದು. ಆದರೆ ಶೋಧಿಸುವ ಮಣ್ಣಿಲ್ಲದ್ದರಿಂದ ಕೊಳಚೆಯ ಬ್ಯಾಕ್ಟೀರಿಯಾ ನೇರ ಬಾವಿಗೆ ಸೇರಬಹುದು.

ಪರೀಕ್ಷೆಯ ಗುಂಡಿ 300 ಮಿಲಿಮೀಟರ್ ಉದ್ದ, ಅಷ್ಟೇ ಅಗಲ, 400 ಆಳ. ಹಿಂದಿನ ದಿನ ಎರಡು ಸಲ ನೀರು ತುಂಬಿಸಿ ನೆನೆಸಬೇಕು. ಈ ಹಂತ ತಪ್ಪಿದರೆ ಒಣಮಣ್ಣು ದಾಹದಿಂದ ಗಟಗಟನೆ ಕುಡಿದು ಸುಳ್ಳು ಫಲಿತಾಂಶ ಕೊಡುತ್ತದೆ. ಮರುದಿನ ತುಂಬಿಸಿ, ನೀರು 300ರಿಂದ 200 ಮಿಲಿಮೀಟರಿಗೆ ಇಳಿಯುವ ಸಮಯವನ್ನು ನಾಲ್ಕರಿಂದ ಭಾಗಿಸಿದರೆ 25 ಮಿಲಿಮೀಟರಿಗೆ ಹಿಡಿಯುವ ನಿಮಿಷಗಳು ಸಿಗುತ್ತವೆ. 3ಕ್ಕಿಂತ ಕಡಿಮೆ ಬಂದರೆ ನೀರು ಶುದ್ಧವಾಗುವ ಮೊದಲೇ ಜಾರಿಹೋಗುತ್ತಿದೆ ಎಂದರ್ಥ. 120 ಮೀರಿದರೆ ಅಂಗಳದಲ್ಲೇ ಉಕ್ಕುತ್ತದೆ. ಕ್ಲೇರ್‌ನ ಪಶ್ಚಿಮಕ್ಕೆ ಈ ಎರಡನೆಯ ತೊಂದರೆಯೇ ಹೆಚ್ಚು: 214 ಮೀಟರ್ ಎತ್ತರದ ಮೊಹೆರ್ ಕಡಿದಾದ ದಂಡೆಗಳಲ್ಲಿ ಕಾಣುವಂಥ ಜೇಡಿಶಿಲೆಯ ಮೇಲಿನ ಅಂಟುಮಣ್ಣು ನೀರನ್ನು ಬಿಟ್ಟುಕೊಡುವುದೇ ಇಲ್ಲ.

ಪಕ್ಕದಲ್ಲಿ ಇನ್ನೊಂದು ಆಳದ ಗುಂಡಿಯನ್ನು 48 ಗಂಟೆ ತೆರೆದಿಟ್ಟು ನೀರಿನ ಮಟ್ಟ ನೋಡುತ್ತಾರೆ. ಬೇಸಿಗೆಯಲ್ಲಿ ಅದು ಬರಿದಾಗಿದ್ದರೂ ಮಣ್ಣಿನ ಬೂದು, ತುಕ್ಕುಬಣ್ಣದ ಚುಕ್ಕೆಗಳು ಚಳಿಗಾಲದ ಮಟ್ಟವನ್ನು ಹೇಳಿಬಿಡುತ್ತವೆ. ಸಾಮಾನ್ಯ ಸೆಪ್ಟಿಕ್ ಟ್ಯಾಂಕಿಗೆ, ಅದರ ನೀರನ್ನು ನೆಲಕ್ಕೆ ಇಂಗಿಸುವ ಕಾಲುವೆಯ ಕೆಳಗೆ ಕನಿಷ್ಠ 1.2 ಮೀಟರ್ ಒಣಮಣ್ಣು ಬೇಕು. ಇಲ್ಲದಿದ್ದರೆ ಹೊರಗಿನಿಂದ ಮಣ್ಣು ತಂದು ದಿಬ್ಬ ಕಟ್ಟುವ ದುಬಾರಿ ದಾರಿಯೊಂದುಂಟು.

ಎನ್ನಿಸ್ ಪಟ್ಟಣದಲ್ಲಿರುವ ಕೌನ್ಸಿಲ್ಲಿನ 28 ಸದಸ್ಯರು ಅಭಿವೃದ್ಧಿ ಯೋಜನೆಯನ್ನು ಅಂಗೀಕರಿಸುತ್ತಾರೆ. ಒಂದೊಂದು ಮನೆಯ ಅರ್ಜಿಯನ್ನು ತೀರ್ಮಾನಿಸುವುದು ಮುಖ್ಯ ಕಾರ್ಯನಿರ್ವಾಹಕರ ಆಡಳಿತ. 2014ರಲ್ಲಿ ಕುಡಿಯುವ ನೀರಿನ ಹೊಣೆ ರಾಷ್ಟ್ರೀಯ ಸಂಸ್ಥೆಗೆ ಹೋಯಿತು. 2009ರಲ್ಲಿ ಯುರೋಪಿನ ನ್ಯಾಯಾಲಯ ಸೆಪ್ಟಿಕ್ ಟ್ಯಾಂಕ್ ಕೊಳಚೆಯ ವಿಷಯದಲ್ಲಿ ಐರ್ಲೆಂಡಿನ ವಿರುದ್ಧ ತೀರ್ಪಿತ್ತ ಬಳಿಕ, 2012ರ ಕಾಯ್ದೆಯಡಿ ಬಂದ ಸೆಪ್ಟಿಕ್ ಟ್ಯಾಂಕ್ ತಪಾಸಣೆ ಮಾತ್ರ ಕೌನ್ಸಿಲ್ ಬಳಿಯೇ ಉಳಿದಿದೆ.