ಹೌಸ್ ಮ್ಯೂಸಿಕ್: ಇದು ಯಾವ ಮನೆ?

ಹೌಸ್ ಮ್ಯೂಸಿಕ್ ಅಂದರೆ ಮನೆಯಲ್ಲಿ ಕೂತು ಕೇಳುವ ಸಂಗೀತ ಅಂದುಕೊಂಡವರು ಎಷ್ಟೋ ಜನ. ಅದು ಕ್ಲಬ್ಬುಗಳಲ್ಲಿ ಕುಣಿಯಲು ಹಾಕುವ, ಯಂತ್ರದ ಬಡಿತದ ಸಂಗೀತ. ಈ ಹೆಸರು ಬಂದದ್ದು ಮನೆಯಿಂದಲ್ಲ, ಗೋದಾಮಿನಿಂದ. ಅಮೆರಿಕದ ಶಿಕಾಗೊದಲ್ಲಿ, ಸೌತ್ ಜೆಫರ್ಸನ್ ಬೀದಿಯ 206ನೇ ನಂಬರಿನ ಕಟ್ಟಡದಲ್ಲಿ 1977ರಲ್ಲಿ 'ವೇರ್‌ಹೌಸ್' (ಅಂದರೆ ಗೋದಾಮು) ಎಂಬ ಕ್ಲಬ್ ಶುರುವಾಯಿತು. ಅಲ್ಲಿ ಕೇಳಿದ ಹಾಡುಗಳನ್ನೇ ಹುಡುಕಿಕೊಂಡು ಜನ ರೆಕಾರ್ಡ್ ಅಂಗಡಿಗೆ ಬರುತ್ತಿದ್ದರು. ಅಂಗಡಿಯವರು ಅಂಥ ರೆಕಾರ್ಡ್‌ಗಳನ್ನು ಬೇರೆಯಾಗಿ ಜೋಡಿಸಿ ಕ್ಲಬ್ಬಿನ ಹೆಸರಿನ ಚೀಟಿ ಅಂಟಿಸಿದರು. ಬಾಯಿಂದ ಬಾಯಿಗೆ ಹೋಗುತ್ತಾ 'ವೇರ್' ಉದುರಿಹೋಯಿತು, 'ಹೌಸ್' ಉಳಿಯಿತು. ಹೆಸರಿನ ಬಗ್ಗೆ ಬೇರೆ ಕಥೆಗಳೂ ಇವೆ, ಆದರೆ ಜಾಸ್ತಿ ಜನ ಒಪ್ಪುವುದು ಇದನ್ನೇ.

ಆ ಕ್ಲಬ್ಬಿನ ಡಿಜೆ ಫ್ರ್ಯಾಂಕಿ ನಕಲ್ಸ್. 1955ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದವರು. ಗೆಳೆಯ ಲ್ಯಾರಿ ಲೆವಾನ್ ಜೊತೆ ಅಲ್ಲಿನ ಕ್ಲಬ್ಬುಗಳಲ್ಲೇ ಕೆಲಸ ಕಲಿತು, ಆಮೇಲೆ ಶಿಕಾಗೊಗೆ ಬಂದರು. ವೇರ್‌ಹೌಸ್‌ಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೊ ಯುವಕರು, ಅದರಲ್ಲೂ ಸಲಿಂಗಿಗಳು. ಬೇರೆ ಕಡೆ ಬಾಗಿಲಲ್ಲೇ ತಡೆಯುತ್ತಿದ್ದವರಿಗೆ ಇಲ್ಲಿ ಬೆಳಗಾಗುವವರೆಗೆ ಕುಣಿಯಲು ಜಾಗವಿತ್ತು. ಹೌಸ್ ಅನ್ನೋ ಪದಕ್ಕೆ ಅರ್ಥ ಹುಡುಕುವವರು ಮೊದಲು ನೋಡಬೇಕಾದ್ದು ಈ ಜನರನ್ನು ಅಂತ ನನಗನಿಸುತ್ತದೆ.

1979ರ ಜುಲೈ 12ರಂದು ಅದೇ ಊರಿನ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ಕಂಡರಾಗದವರು ಡಿಸ್ಕೊ ರೆಕಾರ್ಡ್‌ಗಳ ರಾಶಿಯನ್ನು ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿ, ಅಂದಿನ ಎರಡನೇ ಆಟವೇ ನಡೆಯಲಿಲ್ಲ. ಆಮೇಲೆ ರೇಡಿಯೊಗಳು, ಕಂಪನಿಗಳು ಡಿಸ್ಕೊ ಕೈಬಿಡುತ್ತಾ ಬಂದವು. ವೇರ್‌ಹೌಸ್‌ನಲ್ಲಿ ಹಾಕುತ್ತಿದ್ದದ್ದೂ ಹೆಚ್ಚಾಗಿ ಡಿಸ್ಕೊನೇ, ಕುಣಿಯುವವರು ಮಾತ್ರ ಪ್ರತಿ ವಾರ ಬರುತ್ತಲೇ ಇದ್ದರು. ಹೊಸ ಹಾಡಿಗೆ ಏನು ಮಾಡೋದು? ಫ್ರ್ಯಾಂಕಿ ಇದ್ದ ಹಾಡುಗಳನ್ನೇ ಟೇಪಿಗೆ ಇಳಿಸಿಕೊಂಡರು. ಕಾಲು ತಾನಾಗಿ ಕುಣಿಯುವ ತುಣುಕುಗಳನ್ನು ಕತ್ತರಿಸಿ, ಅಂಟಿಸಿ, ಮತ್ತೆ ಮತ್ತೆ ಬರುವ ಹಾಗೆ ಜೋಡಿಸಿದರು. ಮೂರು ನಿಮಿಷದ ಹಾಡು ಹೀಗೆ ಬೆಳೆಯುತ್ತಾ ಹೋಗುತ್ತಿತ್ತು. 1983ರ ಹೊತ್ತಿಗೆ ಅವರು 'ಪವರ್ ಪ್ಲಾಂಟ್' ಎಂಬ ಸ್ವಂತ ಕ್ಲಬ್ ತೆರೆದಿದ್ದರು. ಡೆಟ್ರಾಯಿಟ್‌ನ ಸಂಗೀತಗಾರ ಡೆರಿಕ್ ಮೇ ಅವರಿಂದ ರೋಲ್ಯಾಂಡ್ ಟಿಆರ್-909 ಡ್ರಮ್ ಯಂತ್ರ ಕೊಂಡು, ರೆಕಾರ್ಡ್‌ಗಳ ಅಡಿಯಲ್ಲಿ ಅದರ ಬಡಿತ ಹಾಕತೊಡಗಿದರು.

ಆ ಬಡಿತ ಹೇಗಿರುತ್ತೆ ಅಂತ ಈಗಲೇ ನೋಡಬಹುದು. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಒಮ್ಮೆ ಸರಿಯುವಷ್ಟರಲ್ಲಿ ತೊಡೆಯ ಮೇಲೆ ಎರಡು ಪೆಟ್ಟು ಹಾಕಿ: ಧಂ, ಧಂ. ನಿಮಿಷಕ್ಕೆ 120 ಆಯಿತು. ಹೌಸ್ ಸಾಮಾನ್ಯವಾಗಿ 120ರಿಂದ 130ರ ನಡುವೆ ಓಡುತ್ತದೆ. ಎರಡು ಪೆಟ್ಟುಗಳ ನಡುವೆ ನಾಲಿಗೆಯಲ್ಲಿ 'ತ್ಸ್' ಅನ್ನಿ. ಧಂ-ತ್ಸ್, ಧಂ-ತ್ಸ್. ಇಷ್ಟೇ ಅದರ ಬುನಾದಿ. ಇದರ ಮೇಲೆ ಚರ್ಚಿನ ಗಾಸ್ಪೆಲ್ ಗಾಯನದ ಛಾಯೆಯ ಒಂದು ಕೂಗು, ಪಿಯಾನೊದ ನಾಲ್ಕು ಸ್ವರ ಬಿದ್ದರೆ ಮೈ ಜುಂ ಅನ್ನುತ್ತದೆ. 1984ರಲ್ಲಿ ಜೆಸ್ಸಿ ಸಾಂಡರ್ಸ್ ಹೊರತಂದ 'ಆನ್ ಆ್ಯಂಡ್ ಆನ್' ಅನ್ನು ಮೊದಲ ಹೌಸ್ ರೆಕಾರ್ಡ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ.

ಇಲ್ಲೊಂದು ತಕರಾರಿದೆ. ಮುಂಬೈಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್ ಯಂತ್ರಗಳಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಬಡಿತಕ್ಕೆ ಕೂರಿಸಿದ್ದರು. ಆಗ ಆ ರೆಕಾರ್ಡ್ ಹೆಚ್ಚು ಮಾರಾಟವಾಗಲಿಲ್ಲ. 2010ರಲ್ಲಿ ಮತ್ತೆ ಬಂದಾಗ ಕೇಳಿದವರು ದಂಗಾದರು. ಶಿಕಾಗೊದವರು 1987ರಲ್ಲಿ ತಂದ 'ಆ್ಯಸಿಡ್ ಹೌಸ್' ಎಂಬ ಹೌಸ್‌ನ ಬಗೆಯ ಥರವೇ ಇತ್ತು! ಹಾಗಾದರೆ ಹೌಸ್ ಹುಟ್ಟಿದ್ದು ಮುಂಬೈಯಲ್ಲಾ? ಅವರ ಕೆಲಸ ನನಗೆ ಬಹಳ ಇಷ್ಟ, ಆದರೂ ಅಲ್ಲ ಅಂತಲೇ ಹೇಳುತ್ತೇನೆ. ಯಂತ್ರ ಒಂದೇ, ದನಿಯೂ ಹತ್ತಿರದ್ದು. ಆದರೆ ಹೌಸ್ ಅನ್ನುವುದು ಆ ಗೋದಾಮಿನಲ್ಲಿ ಸೇರುತ್ತಿದ್ದವರಿಂದ ಬಂದ ಹೆಸರು. ಜೆಫರ್ಸನ್ ಬೀದಿಯ ಆ ತುಂಡಿಗೆ 2004ರಲ್ಲಿ ಫ್ರ್ಯಾಂಕಿ ನಕಲ್ಸ್ ಹೆಸರಿಟ್ಟರು. ಅವರು 2014ರಲ್ಲಿ ತೀರಿಕೊಂಡರು. 206ನೇ ನಂಬರಿನ ಕಟ್ಟಡವನ್ನು ಯಾರೂ ಕೆಡವದ ಹಾಗೆ ಶಿಕಾಗೊ ನಗರ 2023ರಲ್ಲಿ ಸ್ಮಾರಕವೆಂದು ಘೋಷಿಸಿತು.